ಅರ್ಧಕ್ಕೆ ನಿಂತ ದಾದಿಯ ಕಥೆ

ಮಂಗಳವಾರ, ಮಾರ್ಚ್ ೪

ಸಿಟ್ಟು ಬಂದಾಗ ಬರೆದಿಡಬೇಕೆಂದು ಮಗಳ ಕಾಟ. ಬರೆಯುತ್ತಿದ್ದೇನೆ, ಸಿಟ್ಟೇನೂ ಇಳಿದಿಲ್ಲ.

ದಪ್ಪ ಕಾದಂಬರಿ ತಂದರೆ ನಾನೂ ತಂಗಿಯೂ ಅದನ್ನು ನಡುವೆ ಕತ್ತರಿಸುತ್ತೇವೆ. ಅವಳು ಓದಿ ಮುಗಿಸಿದ ಮೊದಲರ್ಧ ನನಗೆ. ಈ ಸಲ ನಮ್ಮಲ್ಲಿಗೆ ಬಂದಿದ್ದವಳು ಒಂದು ಪ್ರೇಮಕಥೆ, ಒಂದು ಪತ್ತೇದಾರಿ, ಎರಡರ ಉಳಿದರ್ಧವನ್ನೂ ಚೀಲಕ್ಕೆ ತುರುಕಿಕೊಂಡು ತನ್ನ ಮನೆಗೆ ಹೋಗಿಬಿಟ್ಟಿದ್ದಾಳೆ.

ಪ್ರೇಮಕಥೆಯದು ಹಾಳಾಗಲಿ. ಅದರ ದಡ್ಡ ನಾಯಕ ಇನ್ನೂರು ಪುಟ ನಿಟ್ಟುಸಿರು ಬಿಡುವ ಬದಲು ಬಾಯಿ ಬಿಟ್ಟಿದ್ದರೆ ಮೂರನೇ ಪುಟಕ್ಕೇ ಮದುವೆಯಾಗುತ್ತಿತ್ತು. ಪತ್ತೇದಾರಿಯದೇ ಚಿಂತೆ. ಅದರಲ್ಲೊಂದು ಕೊಲೆ, ಎಲ್ಲರ ಅನುಮಾನ ದಾದಿಯ ಮೇಲೆ. ನನಗೋ ಅವಳು ತುಂಬಾ ಹಿಡಿಸಿದ್ದಾಳೆ, ಯಾರಿಗೂ ಹೆದರದ ಬಾಯಿ ಅವಳದು.

ತಂಗಿಗೆ ಫೋನು ಮಾಡಿದೆ.

"ಕೊಂದಿದ್ದು ದಾದಿ ಅಲ್ಲ ತಾನೇ?"

"ಹೇಳಿದ್ರೆ ಮಜಾ ಹೋಗತ್ತೆ ಕಣೇ ಅಕ್ಕ!" ಎಂದು ಕಿಸಕ್ಕನೆ ನಕ್ಕಳು.

"ಶುಕ್ರವಾರ, ಏಳನೇ ತಾರೀಕು. ಅಷ್ಟರೊಳಗೆ ಹೌದೋ ಅಲ್ವೋ ಹೇಳು," ಎಂದು ಫೋನಿಟ್ಟೆ.