ತಿರುಗಿ ನೋಡುವ ಅಳಿಲು

ಎಮ್ಮಿಗನೂರು
12-2-1957

ಯಜಮಾನರಿಗೆ ನಿಮ್ಮ ಗುರುಬಸಮ್ಮನ ನಮಸ್ಕಾರ.

ಕೆಮ್ಮು ಹೇಗಿದೆ? ಆ ಸೊಲ್ಲಾಪುರದ ಮಿಲ್ಲಿನ ಹತ್ತಿಧೂಳಿನಲ್ಲಿ ಬಾಯಿಗೆ ಟವೆಲ್ ಕಟ್ಟಿಕೊಳ್ಳಿ ಎಂದು ಎಷ್ಟು ಸಲ ಬರೆದರೂ ನೀವು ಕಟ್ಟಿಕೊಳ್ಳುವವರಲ್ಲ, ನನಗೆ ಗೊತ್ತು. ಇಲ್ಲಿ ನಾವೆಲ್ಲ ಕ್ಷೇಮ.

ಈಗ ಸುದ್ದಿ. ನಿಮ್ಮ ತಮ್ಮ ಉರುಕುಂದಪ್ಪ ಹೊಸ ಅಂಚಿನ ಸೀರೆ ನೇಯ್ದಿದ್ದಾನೆ. ನೇಕಾರರ ಸೊಸೈಟಿಯವರು ನೋಡಿ ಭೇಷ್ ಎಂದು, ಅದೇ ಅಂಚು ಇನ್ನಷ್ಟು ನೇಯಲು ಹೇಳಿದ್ದಾರೆ. ಹುಡುಗನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ನೀವು ಊರು ಬಿಡುವಾಗ "ನಿನ್ನ ಕೈಯಾಗ ಹೊಸಾದು ಒಂದೂ ಹುಟ್ಟಂಗಿಲ್ಲ" ಎಂದು ಬೈದು ಹೋದಿರಲ್ಲ, ಅಂದಿನಿಂದ ಮಗ್ಗದ ಗುಂಡಿಗೆ ಇಳಿಯಲೂ ಅಂಜುತ್ತಿದ್ದ. ಈಗ ಸೀರೆಯನ್ನು ನಿಮಗೇ ತೋರಿಸಬೇಕೆಂದು ಶುಕ್ರವಾರ ಆದೋನಿಯಲ್ಲಿ ರೈಲು ಹತ್ತುತ್ತಾನೆ. ಅವನಿಗಿಂತ ಮೊದಲು ಈ ಕಾಗದ ತಲುಪಲೆಂದು ಅವಸರದಲ್ಲಿ ಬರೆಯುತ್ತಿದ್ದೇನೆ.

ಯಾಕೆಂದರೆ ಸೀರೆ ಬಿಚ್ಚಿದ ಕೂಡಲೇ ನಿಮಗೆ ತಿಳಿಯುತ್ತದೆ. ಹುಣಸೆ ಎಲೆಯ ಸಾಲು, ನಡುನಡುವೆ ತಿರುಗಿ ನೋಡುವ ಅಳಿಲು. ನಮ್ಮ ಮದುವೆಯಾದ ವರ್ಷ ನೀವು ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದದ್ದೇ! ಮಾವನವರು ಸುಣ್ಣ ಬಳಿಸಿಬಿಟ್ಟರು, ನೀವೂ ಅದನ್ನು ನೇಯಲಿಲ್ಲ. ಆಗ ಉರುಕುಂದಪ್ಪ ನನ್ನ ಸೆರಗು ಹಿಡಿದು ತಿರುಗುವ ಕೂಸು, ಆ ಗೋಡೆಯ ಕೆಳಗೇ ಆಡುತ್ತಿದ್ದ. ಅವನಿಗೆ ಅದೊಂದೂ ನೆನಪಿಲ್ಲ, ದೇವರಾಣೆ. "ಅತ್ತಿಗಿ, ಕಣ್ಣು ಮುಚ್ಚಿದ್ರ ತಾನಾ ಬಂತು ನೋಡ್ರಿ" ಎನ್ನುವಾಗ ಅವನ ಮುಖ ನೀವು ನೋಡಬೇಕಿತ್ತು. ಸುಳ್ಳು ಹೇಳಿದರೆ ಅವನ ಕಿವಿ ಕೆಂಪಾಗುತ್ತದೆ, ಆಗ ಕೆಂಪಾಗಲಿಲ್ಲ. ಸಾಕಿದವಳು ನಾನು, ನನಗೆ ತಿಳಿಯದೇ? ಗೋಡೆಯ ಮಾತು ನನ್ನ ನಾಲಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಎಂದೋ ಕಂಡದ್ದು ಒಳಗೆಲ್ಲೋ ಕುಳಿತಿದ್ದು ಈಗ ಕೈಗೆ ಬಂದಿದೆ, ಅಷ್ಟೇ. ಅದನ್ನು ಕಳ್ಳತನ ಎಂದರೆ ನನ್ನ ಕರುಳು ಚುರ್ ಎನ್ನುತ್ತದೆ.

ನಿಮ್ಮ ಸಿಟ್ಟು ನನಗೆ ಗೊತ್ತು. "ಇದು ನಂದಲೇ" ಎಂದು ಒಂದು ಮಾತು ಅಂದರೆ ಅವನು ಮತ್ತೆ ಮಗ್ಗ ಮುಟ್ಟಲಾರ. ಬೆನ್ನು ತಟ್ಟಿ ಕಳಿಸಿ. ಅವನ ಕೈಯಲ್ಲಿ ಶೇಂಗಾ ಹೋಳಿಗೆ ಕಳಿಸುತ್ತೇನೆ, ರೂಮಿನವರಿಗೆಲ್ಲ ಹಂಚಿಬಿಡಬೇಡಿ, ನೀವೂ ತಿನ್ನಿ.

ಉರುಕುಂದಿ ಈರಣ್ಣ ಸ್ವಾಮಿ ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿಮ್ಮವಳು,
ಗುರುಬಸಮ್ಮ

ಮತ್ತೊಂದು ಮಾತು: ಇಷ್ಟಾದರೂ ಸಿಟ್ಟು ಇಳಿಯದಿದ್ದರೆ ಇದನ್ನು ಓದಿ. ದೇವನಕೊಂಡದ ನಮ್ಮ ತವರಿಗೆ ಮೊದಲ ಸಲ ಬಂದಾಗ ನೀವು ನಮ್ಮವ್ವ ಹೊಲಿದ ಕೌದಿ ಹೊದ್ದು ಮಲಗಿದ್ದಿರಿ. ಅದರ ತುಂಬ ಹುಣಸೆ ಎಲೆ, ತಿರುಗಿ ನೋಡುವ ಅಳಿಲು. ಊರಿಗೆ ಮರಳಿದ ಮೇಲೆ ಗೋಡೆಯ ಮೇಲೆ ಬರೆದು, "ನನ್ನ ತಲ್ಯಾಗ ಹುಟ್ಟಿದ್ದು, ಹೆಂಗೈತಿ?" ಎಂದು ಕೇಳಿದಿರಿ. ನಿಮ್ಮ ಮುಖವೂ ಈಗಿನ ಅವನ ಮುಖದ ಹಾಗೇ ಬೆಳಗುತ್ತಿತ್ತು. ನಾನು "ಭಾಳ ಛಲೋ ಐತ್ರಿ" ಎಂದೆ. ನೀವೂ ಅವನಿಗೆ ಅಷ್ಟೇ ಅನ್ನಿ.