ನೀಲಿ ಚೌಕ

ಬೀಚನಹಳ್ಳಿ
೧೪ ಜೂನ್ ೨೦೨೫

ಮಗಳು ಅನುಶ್ರೀಗೆ ಅಪ್ಪನ ಆಶೀರ್ವಾದ.

ದಿನಾ ಫೋನಿನಲ್ಲಿ ಮಾತಾಡುವ ಅಪ್ಪ ಕಾಗದ ಯಾಕೆ ಬರೆದ ಎಂದು ಗಾಬರಿಯಾಗಬೇಡ. ಬರೆಯಬೇಕೆಂದು ಕೂತು ವಾರವಾಯಿತು, ಕೈ ಬರಲಿಲ್ಲ. ತಡವಾದದ್ದಕ್ಕೆ ಬೇಸರ ಮಾಡಿಕೊಳ್ಳಬೇಡ. ಫೋನು ಹಿಡಿದರೆ ನಿನ್ನ ಅಮ್ಮ ಸ್ಪೀಕರ್ ಹಾಕಿ ಅನ್ನುತ್ತಾಳೆ. ಅವಳ ಕಿವಿಗೆ ಬೀಳಬಾರದ ಮಾತುಗಳಿವೆ.

ಕಬಿನಿಗೆ ಒಳಹರಿವು ಚೆನ್ನಾಗಿದೆ. ನಿವೃತ್ತನಾದ ಮೇಲೂ ನಾನು ಅಣೆಕಟ್ಟೆಯ ಕಡೆ ಹೋಗಿ, ನೀರಿನ ಮಟ್ಟ ನೋಡಿ, ಗೇಟಿನವರನ್ನು ನಾಲ್ಕು ಮಾತು ಬೈದು ಬರುತ್ತೇನೆ. ಪಕ್ಕದ ಮನೆಯ ಕರಿಯಯ್ಯ ತಮಾಷೆ ಇನ್ನೂ ಬಿಟ್ಟಿಲ್ಲ. 'ನಿಮ್ ಮಗ್ಳು ಆಕಾಸದಿಂದ ನೆಲ ನೋಡ್ತಾಳಂತಲ್ಲ, ನನ್ ಎಮ್ಮೆ ಯಾವ್ ಕಡೀಕೆ ಓಯ್ತು ಕೇಳ್ರೀ' ಅಂದ. ಜನವರಿಯ ನಂತರ ನಾನು ನಕ್ಕದ್ದು ಅದೊಂದೇ ಸಲ.

ಅಮ್ಮನ ವಿಷಯಕ್ಕೆ ಬರುತ್ತೇನೆ. ಜನವರಿಯಲ್ಲಿ ಲಡಾಖಿನ ರಸ್ತೆ ಕೆಲಸದ ಕ್ಯಾಂಪಿನ ಮೇಲೆ ಹಿಮ ಜಾರಿ ನಿನ್ನ ತಮ್ಮ ಯತೀಶ ಅದರಡಿ ಸಿಕ್ಕಿಕೊಂಡಾಗ, ನೆಲವೆಲ್ಲ ಕಲ್ಲಾಗಿದೆ, ಕರಗಿದ ಮೇಲೆ ಅಗೆಯುತ್ತೇವೆ ಎಂದರಲ್ಲ ಕ್ಯಾಂಪಿನವರು, ಅಂದಿನಿಂದ ನೀನು ಡೆಹ್ರಾಡೂನಿನಿಂದ ಕಳಿಸುವ ಆ ಜಾಗದ ನಕ್ಷೆಯೇ ಅವಳ ಪಂಚಾಂಗ. ಕತ್ತಲಿರಲಿ ಮೋಡವಿರಲಿ, ನೆಲದಿಂದ ಹೊಮ್ಮುವ ಮೈಕ್ರೋವೇವ್ ಅಲೆಯನ್ನು ಉಪಗ್ರಹ ಹಿಡಿಯುತ್ತದೆ, ಮಣ್ಣಿನ ನೀರು ಹೆಪ್ಪುಗಟ್ಟಿದ್ದರೆ ನೀಲಿ, ಕರಗಿದ್ದರೆ ಕೆಂಪು ಎಂದು ಬಂದವರಿಗೆಲ್ಲ ಪಾಠ ಒಪ್ಪಿಸುತ್ತಾಳೆ. ನಕ್ಷೆಯ ಒಂದು ಚೌಕವೆಂದರೆ ನಮ್ಮೂರು, ಅಂತರಸಂತೆ, ಕೋಟೆ ಪಟ್ಟಣ ಎಲ್ಲಾ ಸೇರುವಷ್ಟು ಜಾಗ, ಅದರಲ್ಲಿ ಒಬ್ಬ ಮನುಷ್ಯನ ಸುದ್ದಿ ಇರುವುದಿಲ್ಲ ಎಂದರೆ ಕೇಳುವುದಿಲ್ಲ.

ಊರಲ್ಲಿ ಹೆಣ ಮಲಗಿಸುವ ಫ್ರೀಜರ್ ಪೆಟ್ಟಿಗೆ ನೋಡಿದವಳಲ್ಲವೇ. 'ನೀಲಿ ಅದೆ ಕಣ್ರೀ. ನನ್ ಮಗ ಎಂಗ್ ಮಲಗಿದ್ನೋ ಅಂಗೇ ಅವ್ನೆ. ಒಂದ್ಸಲ ಮುಖ ನೋಡ್ಬುಟ್ರೆ ಸಾಕು' ಅನ್ನುತ್ತಿದ್ದಳು. ಕರಗದೆ ಅಗೆಯುವುದು ಹೇಗೆ ಎಂದರೆ ಅಳುತ್ತಿದ್ದಳು. ಒಂದೇ ಜಗಲಿಯಲ್ಲಿ ಕೂತು ನಾನು ಕರಗಲಿ ಎಂದು ಕಾಯುತ್ತಿದ್ದೆ, ಅವಳು ಕರಗದಿರಲಿ ಎಂದು ದೇವರಿಗೆ ಕೈ ಮುಗಿಯುತ್ತಿದ್ದಳು.

ಹೋದ ವಾರ ಯತೀಶನಿದ್ದ ಚೌಕ ಕೆಂಪಾಯಿತು. ನೀನು ಇದ್ದದ್ದನ್ನು ಇದ್ದ ಹಾಗೆ ಕಳಿಸಿದೆ, ನಿನ್ನ ತಪ್ಪೇನಿಲ್ಲ. ಅವಳು ಫೋನನ್ನು ಸೆರಗಿನಲ್ಲಿ ಒರೆಸಿ ಒರೆಸಿ ನೋಡಿದಳು. 'ಏನ್ರೀ, ನೆಲ ಕರಗ್ಬುಡ್ತಾ? ನನ್ ಕೂಸು ಏನಾಗೋಯ್ತದೋ' ಅಂದವಳು ಇವತ್ತಿನವರೆಗೂ ನೆಟ್ಟಗೆ ಒಂದು ತುತ್ತು ತಿಂದಿಲ್ಲ.

ಅದಕ್ಕೇ ಕೇಳುತ್ತಿದ್ದೇನೆ. ಈ ಕಾಗದ ಕೈಸೇರಿದ ದಿನದಿಂದ ಅವಳಿಗೆ ಹಳೆಯ ನೀಲಿ ನಕ್ಷೆಯನ್ನೇ ಕಳಿಸು. ಮತ್ತೆ ಹಿಮ ಬಿತ್ತು, ಹೆಪ್ಪುಗಟ್ಟಿತು ಎಂದು ಹೇಳು. ಓದಿದ ಮಗಳಿಂದ ಸುಳ್ಳು ಹೇಳಿಸುವ ಅಪ್ಪನ ಮೇಲೆ ಕೋಪ ಬಂದರೆ ಬರಲಿ. ನೀನಾದರೂ ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಪ್ಪ
ನಂಜುಂಡಸ್ವಾಮಿ

ಮತ್ತೆ: ಇದನ್ನು ಮೇಲೆ ಬರೆಯಲಾಗಲಿಲ್ಲ. ಯತೀಶ ಸಿಕ್ಕಿದ. ಚೌಕ ಕೆಂಪಾದ ಮಾರನೇ ದಿನವೇ ಕ್ಯಾಂಪಿನವನೊಬ್ಬ ನನಗೆ ಫೋನ್ ಮಾಡಿದ. ಸೊಂಟದ ಬೆಳ್ಳಿ ಉಡುದಾರದಿಂದ ಗುರುತು ಹಿಡಿದರಂತೆ. ಮುಖ ನೋಡುವ ಹಾಗಿದೆಯಾ ಎಂದು ಕೇಳಿದೆ. ಪೆಟ್ಟಿಗೆ ಮುಚ್ಚಿಯೇ ಕಳಿಸುತ್ತೇವೆ, ತೆಗೆಯಬೇಡಿ ಅಂದ. ಪೆಟ್ಟಿಗೆ ಮನೆಗೆ ಬಂದರೆ ನಿನ್ನ ಅಮ್ಮ ತೆಗೆಸದೆ ಬಿಡುವವಳಲ್ಲ. ಅಲ್ಲೇ ಮಣ್ಣು ಮಾಡಿ ಅಂದುಬಿಟ್ಟೆ. ನಿನ್ನನ್ನೂ ಒಂದು ಮಾತು ಕೇಳಲಿಲ್ಲ, ಮಗಳೇ. ಮೂರನೇ ದಿನ ಹಾಲು-ತುಪ್ಪ ಬಿಡಲು ಅವನ ತಲೆಯ ಹತ್ತಿರ ನಮ್ಮವರು ಯಾರೂ ಇರಲಿಲ್ಲ. ಆ ನೆಲ ಮತ್ತೆ ಕಲ್ಲಾದರೆ ಬಿಟ್ಟ ಹಾಲು ಮೇಲೇ ನಿಲ್ಲುತ್ತದೆ, ಅವನಿಗೆ ಇಳಿಯುವುದಿಲ್ಲ. ಅಮ್ಮನಿಗೆ ನೀಲಿ ಕಳಿಸು. ನನಗೆ ಮಾತ್ರ ನಿಜ ಹೇಳು, ಯಾವ ತಿಂಗಳವರೆಗೆ ಕೆಂಪಿರುತ್ತದೆ? ಅಷ್ಟರೊಳಗೆ ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋಗು.