ಯವ್ವನ ಬ್ಯಾನಿ

ಮಾನ್ವಿ
೯ ಫೆಬ್ರುವರಿ ೨೦೨೫

ಪ್ರೀತಿಯ ತಮ್ಮ ಪ್ರಭುರಾಜಗ,

ಹ್ಯಾಂಗಿದ್ದೀಪಾ? ಲಾರಿ ಮ್ಯಾಲೆ ಹೊತ್ತಿಗೆ ಸರಿಯಾಗಿ ಉಣ್ಣಾಕ ಸಿಗತದೋ ಇಲ್ಲೋ. ನನ್ನ ಫೋನು ನೀ ಎತ್ತಂಗಿಲ್ಲ, ಅದಕ್ಕ ನನಗ ಸಿಟ್ಟಿಲ್ಲ. ನಿನ್ನ ಜೊತಿ ಲಾರಿ ಹೊಡಿಯೋ ಜಿಲಾನಿ ಪಾಷಾ ಮೊನ್ನೆ ರಾಯಚೂರಾಗ ಸಿಕ್ಕಿದ್ದ. ಅವನ ಕೈಯಾಗ ಈ ಕಾಗದ ಕಳಸಾಕತ್ತೀನಿ.

ಹೋದ ತಿಂಗಳ ಹೈದರಾಬಾದಿನಾಗ ನನಗ ಆಪರೇಷನ್ ಆತು. ಈಗ ಆರಾಮ ಇದ್ದೀನಿ, ಗಾಬರಿ ಆಗಬ್ಯಾಡ. ವರ್ಷದಿಂದ ಸಾಲ್ಯಾಗ ಪಾಠ ಹೇಳತಿರಬೇಕಾದ್ರನ ಎದಿ ಢವಢವ ಬಡಕೊಂಡು, ತಲಿ ಸಿಡದು, ಬೆವರಿಗೆ ಸೀರಿ ತೊಯ್ದು ಹೋಗತಿತ್ತು. ಹತ್ತು ನಿಮಿಷಕ್ಕ ಏನೂ ಆಗಿಲ್ಲದಂಗ. ಇದನ್ನ ಓದಿ ನಿನಗ ಯಾರ ನೆನಪು ಬಂದಿರತದ ಅಂತ ನನಗ ಗೊತ್ತದ. ಕಿಡ್ನಿ ಮ್ಯಾಲೆ ಅಡ್ರಿನಲ್ ಅಂತ ಸಣ್ಣ ಗ್ರಂಥಿ ಇರತದಂತ, ಎರಡೂ ಬಾಜೂ ಅದರಾಗ ಗಂಟು. ಗ್ರಂಥಿ ಪೂರಾ ತಗದ್ರ ಸಾಯೋತನಕ ಗುಳಿಗಿ ನುಂಗಬೇಕು. ಅದಕ್ಕ ಹೊಟ್ಟಿಗಿ ಸಣ್ಣ ಸಣ್ಣ ತೂತು ಹಾಕಿ, ಕ್ಯಾಮೆರಾ ಇಳಿಸಿ, ನರದಾಗ ಹಸಿರು ಬಣ್ಣದ ಔಷಧ ಬಿಟ್ಟರಂತ. ಕ್ಯಾಮೆರಾದ ಬ್ಯಾರೆ ನಮೂನಿ ಬೆಳಕಿನಾಗ ಗ್ರಂಥಿಯ ಚಲೋ ಭಾಗ ಹಸಿರಾಗಿ ಹೊಳದು, ಗಂಟು ಕಪ್ಪಗ ಉಳೀತಂತ. ಗಂಟಷ್ಟ ಬಿಡಿಸಿ ತಗದಾರ. ಡಾಕ್ಟರಮ್ಮ ಆಮ್ಯಾಲೆ ಆ ಚಿತ್ರ ತೋರಿಸಿ, "ಇದು ಮನಿತನದಾಗ ಬರೋ ಬ್ಯಾನಿ, ನಿಮ್ಮ ತಾಯಿಗಿ ಇತ್ತೇನ್ರೀ?" ಅಂತ ಕೇಳಿದ್ರು. ನನಗ ಆ ಆಟೋ ನೆನಪಾತು.

ಅವತ್ತು ನಮ್ಮೂರು ಹಿರೇಕೊಟ್ನೆಕಲ್ಲಾಗ ನೀ ಆಟೋ ತಂದು ಬಾಗಲಿಗಿ ನಿಲ್ಲಿಸಿದ್ದಿ. "ಅಕ್ಕಾ, ಯವ್ವನ ಮಾರಿ ನೋಡು, ಹ್ಯಾಂಗ ಬೆವರು ಇಳಿಯಾಕತ್ತದ, ರಾಯಚೂರು ದವಾಖಾನಿಗಿ ಒಯ್ಯೋಣು" ಅಂದಿ. "ನಾ ಮಾನ್ವಿಗಿ ಹೊಂಟಾಗೊಮ್ಮಿ ಇಕಿದು ಇದ ನಾಟಕ" ಅಂದು ನಾನ ಆಟೋ ತಿರುಗಿಸಿ ಕಳಿಸಿದೆ. ಯವ್ವ ಕೇಳಿಸಿಕೊಂಡಳು. "ಹೋಗಲಿ ಬಿಡೋ ಪ್ರಭು, ಆಕಿಗಿ ಸಾಲಿಗಿ ಹೊತ್ತಾಗತದ" ಅಂದ್ಲು. ಸಂಜಿಗಿ ಜೀವ ಇರಲಿಲ್ಲ. ಮಣ್ಣು ಕೊಟ್ಟು ಹೋದ ನೀ ಆರು ವರ್ಷ ಆತು, ಈ ಕಡಿ ತಿರುಗಿ ನೋಡಿಲ್ಲ.

ಯವ್ವ ನಾಟಕ ಮಾಡತಿರಲಿಲ್ಲ, ಪ್ರಭು. ನೀ ಹೇಳಿದ್ದು ಖರೆ. ಆಕಿಗಿ ಹೇಳಾಕ ಆಗಂಗಿಲ್ಲ, ಅದಕ್ಕ ನಿನಗ ಬರಿಯಾಕತ್ತೀನಿ.

ನೀ ಹೋದ ಹಾದ್ಯಾಗೆಲ್ಲಾ ದೇವರು ನಿನ್ನ ಚಲೋ ಇಡಲಿ.

ನಿನ್ನ ಅಕ್ಕ,
ಸುನಂದಾ

ತಾ.ಕ.: ನಿನಗೂ ನಡುನಡುವ ತಲಿ ಸಿಡದು, ಬೆವರು ಇಳದು, ಲಾರಿ ಬಾಜೂಕ ಹಚ್ಚಿ ಕುಂದರತೀ ಅಂತ ಜಿಲಾನಿ ಪಾಷಾ ಹೇಳಿದ. ಯಾವ ತಪಾಸಣಿ ಮಾಡಿಸಬೇಕಂತ ಡಾಕ್ಟರಮ್ಮ ಬರದುಕೊಟ್ಟ ಚೀಟಿ ಇದರಾಗ ಇಟ್ಟೀನಿ. ನನ್ನ ಮಾಫ್ ಮಾಡಬ್ಯಾಡ, ಮನಿಗೂ ಬರಬ್ಯಾಡ, ಆದ್ರ ಈ ವಾರದಾಗ ಯಾವುದಾರ ದೊಡ್ಡ ದವಾಖಾನಿಗಿ ಹೋಗಿ ತೋರಿಸಿಕೋ.